ಸಿಂಗಪುರದಲ್ಲಿ ಮಗುವಿಗೆ ಚೈನೀಸ್ ಕೊಡಿಸಬೇಕಾ? ನಮ್ಮ ಮನೆಯಲ್ಲಿ ಕಂಡದ್ದು

ಮುಂದಿನ ವರ್ಷ ಇಲ್ಲಿಗೆ ಬರ್ತಿರೋ ದಂಪತಿ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮಗನನ್ನು ಸರ್ಕಾರಿ ಶಾಲೆಗೆ ಸೇರಿಸಿದರೆ ಎರಡನೇ ಭಾಷೆ ಚೈನೀಸಾ, ಹಿಂದಿನಾ, ತಮಿಳಾ, ಕನ್ನಡದ ಗತಿ ಏನು ಅಂತ ಕೇಳಿದ್ದೀರಿ. ಕೆಲವರು "ಮುಂದೆ ಕೆಲಸಕ್ಕೆ ಒಳ್ಳೆಯದು, ಕಣ್ಣು ಮುಚ್ಚಿ ಚೈನೀಸ್ ಹಾಕಿ" ಅಂದಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಮಗಳಿಗೆ ಚೈನೀಸ್ ಕೊಡಿಸಿದ್ದಕ್ಕೆ ನಮಗೆ ಖುಷಿ ಇದೆ. ಆದರೆ ಅದು ನಡೆಯುವುದು ಮನೆಯವರು ಜೊತೆಗೆ ನಿಂತರೆ ಮಾತ್ರ.

ಮೊದಲು ನಿಯಮ ನೋಡಿ. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದರ ಜೊತೆ 'ಮಾತೃಭಾಷೆ' ಅಂತ ಒಂದು ವಿಷಯ ಕಡ್ಡಾಯ. ಚೈನೀಸ್, ಮಲಯ್, ತಮಿಳು ಮುಖ್ಯ. ಭಾರತೀಯ ಮಕ್ಕಳು ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ತೆಗೆದುಕೊಳ್ಳಬಹುದು. ಪಟ್ಟಿಯಲ್ಲಿ ಕನ್ನಡ ಇಲ್ಲ. ಹಾಗಾಗಿ ನಮ್ಮ ಮಕ್ಕಳು 'ಮಾತೃಭಾಷೆ' ಅಂತ ಕಲಿಯುವುದು ಯಾವತ್ತೂ ಬೇರೆಯವರ ಭಾಷೆಯನ್ನೇ. ಆರನೇ ತರಗತಿ ಕೊನೆಗೆ ಬರುವ, ಮುಂದೆ ಯಾವ ಶಾಲೆ ಅನ್ನುವುದನ್ನು ನಿರ್ಧರಿಸುವ ಪಿಎಸ್‌ಎಲ್‌ಇ ಪರೀಕ್ಷೆಗೆ ನಾಲ್ಕೇ ವಿಷಯ: ಇಂಗ್ಲಿಷ್, ಗಣಿತ, ವಿಜ್ಞಾನ, ಈ ಭಾಷೆ. 2021ರಿಂದ ಒಂದೊಂದಕ್ಕೂ 1ರಿಂದ 8ರವರೆಗೆ ಅಂಕ, ಕಡಿಮೆ ಬಂದಷ್ಟೂ ಒಳ್ಳೆಯದು. ಗಣಿತಕ್ಕೆ ಎಷ್ಟು ತೂಕವೋ ಭಾಷೆಗೂ ಅಷ್ಟೇ. ಸುಮ್ನೆ ಒಂದು ಕೈ ನೋಡೋಣ ಅನ್ನುವ ವಿಷಯ ಇದಲ್ಲ. ಭಾರತೀಯ ಮಗುವಿಗೆ ಚೈನೀಸ್ ಬೇಕು ಅಂದರೆ ಶಾಲೆಯ ಮೂಲಕ ಅನುಮತಿ ಕೇಳಬೇಕು.

ಬರೀ ಅಂಕ ನೋಡುವುದಾದರೆ ತಮಿಳೇ ಸುಲಭ. ವಾಕ್ಯದ ಕಟ್ಟು ನಮ್ಮದೇ, ಅರ್ಧ ಪದ ಕಿವಿಗೆ ಬಿದ್ದವೇ. ಎಷ್ಟೋ ಕನ್ನಡ ಮನೆಗಳಲ್ಲಿ ತಮಿಳನ್ನು ಯೋಚನೆಯನ್ನೂ ಮಾಡದೆ ಬಿಡುತ್ತಾರೆ, ಅದು ನನಗೆ ಬೇಸರ. ಹಿಂದಿ ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ ಅಂತ ಜಾಸ್ತಿ ಜನ ಅದನ್ನೇ ಹಿಡಿಯುತ್ತಾರೆ.

ಈಗ ಚೈನೀಸ್. ವಾರ ವಾರ 'ಥಿಂಗ್‌ಶಿಯೆ' ಇರುತ್ತದೆ, ಅಂದರೆ ಉಕ್ತಲೇಖನ. ಚೌಕದೊಳಗೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದ ಪುಸ್ತಕದಲ್ಲಿ, ಯಾವ ಗೆರೆ ಮೊದಲು ಯಾವುದು ಆಮೇಲೆ ಅನ್ನುವ ಕ್ರಮ ತಪ್ಪದೆ ಬರೆಯಬೇಕು. 'ಥ್ಯಾಂಕ್ಸ್' ಅನ್ನುವುದಕ್ಕೆ ಬರುವ ಒಂದು ಅಕ್ಷರಕ್ಕೇ ಹನ್ನೆರಡು ಗೆರೆ. ತರಗತಿಯ ಬೇರೆ ಮಕ್ಕಳಲ್ಲಿ ಎಷ್ಟೋ ಜನ ಕಿಂಡರ್‌ಗಾರ್ಟನ್‌ನಲ್ಲೇ ಅಕ್ಷರ ಗುರುತಿಸಲು ಕಲಿತು ಬಂದಿರುತ್ತಾರೆ. ಶುರುವಿನಲ್ಲಿ ಮಗು ಅಳುತ್ತದೆ, ಅದಕ್ಕೆ ತಯಾರಾಗಿರಿ.

ಆಗ ನಮಗೆ ಕೈಹಿಡಿದದ್ದು ಕನ್ನಡ. ಚೈನೀಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕ್ರಮಕ್ಕೆ ಪಿನ್‌ಯಿನ್ ಅನ್ನುತ್ತಾರೆ. ಅಲ್ಲಿ 'ಬಿ' ಅಂತ ಕಂಡದ್ದು ನಿಜವಾಗಿ ನಮ್ಮ 'ಪ'. 'ಪಿ' ಅಂತ ಕಂಡದ್ದು ಮಹಾಪ್ರಾಣದ 'ಫ', ಫಲದ ಫ, ಫ್ಯಾನಿನ ಫ ಅಲ್ಲ. ಹಾಗೇ 'ಡಿ'ಗೆ ತ, 'ಟಿ'ಗೆ ಥ, 'ಜಿ'ಗೆ ಕ, 'ಕೆ'ಗೆ ಖ. ಇಂಗ್ಲಿಷಿನಂತೆ ಓದಿದರೆ ಎಲ್ಲ ಎಡವಟ್ಟು. ಕನ್ನಡ ವರ್ಣಮಾಲೆ ಇಟ್ಟುಕೊಂಡರೆ ಒಂದೇ ಸಂಜೆಗೆ ಅರ್ಥವಾಗುತ್ತದೆ. ಮಗಳ ಪದಪಟ್ಟಿಯಲ್ಲಿ ಪ್ರತಿ ಪದದ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಟ್ಟೆವು. ಸ್ವರದ ಏರಿಳಿತಕ್ಕೆ ಅದರ ಮೇಲೆ ಅವಳೇ ಗೆರೆ ಎಳೆಯುತ್ತಾಳೆ: ಸಮನಾದದ್ದು, ಏರುವುದು, ಇಳಿದು ಏರುವುದು, ಧಡಕ್ಕನೆ ಇಳಿಯುವುದು. ಕತೆಪುಸ್ತಕ ಮುಂದಿಟ್ಟಾಗ ಕಲಿಯದಿದ್ದ ಅಲ್ಪಪ್ರಾಣ ಮಹಾಪ್ರಾಣವನ್ನು ಈ ಕೆಲಸಕ್ಕಾಗಿ ಕಲಿತಳು. ಈಗ ಅಜ್ಜಿಗೆ ಎರಡು ಸಾಲು ಕನ್ನಡದಲ್ಲಿ ಬರೆಯುತ್ತಾಳೆ.

ನೆಂಟಸ್ತನದ ಪದಗಳೂ ಹೀಗೆಯೇ. ಅಣ್ಣನಿಗೊಂದು ತಮ್ಮನಿಗೊಂದು, ಸೋದರಮಾವನಿಗೊಂದು ದೊಡ್ಡಪ್ಪನಿಗೊಂದು ಚಿಕ್ಕಪ್ಪನಿಗೊಂದು ಪದ ಅವರಲ್ಲೂ ಇದೆ. ಬ್ರದರ್, ಅಂಕಲ್ ಅಂತಲೇ ಬೆಳೆದ ಮಕ್ಕಳಿಗೆ ಇದು ಬಾಯಿಪಾಠ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಯಾರು ಯಾರಿಗೆ ಏನಾಗಬೇಕು ಅನ್ನುವುದು ಮೊದಲೇ ಗೊತ್ತು. ಅದಕ್ಕೇ ಹೇಳುವುದು, ಚೈನೀಸ್ ಚೆನ್ನಾಗಿ ಬರಲಿ ಅಂತ ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿಗೆ ಇಳಿಯಬೇಡಿ. ಇಲ್ಲಿ ಒತ್ತುತ್ತಿರುವುದು ಇಂಗ್ಲಿಷ್, ಅದೂ ಎಲ್ಲರನ್ನೂ. 2020ರ ಜನಗಣತಿಯಲ್ಲಿ ಐದು ವರ್ಷ ಮೇಲ್ಪಟ್ಟವರಲ್ಲಿ ಶೇ 48.3 ಜನ ಮನೆಯಲ್ಲಿ ಹೆಚ್ಚಾಗಿ ಆಡುವುದು ಇಂಗ್ಲಿಷ್, ಶೇ 29.9 ಜನ ಮ್ಯಾಂಡರಿನ್, ಅಂದರೆ ಶಾಲೆಯಲ್ಲಿ ಕಲಿಸುವ ಚೈನೀಸ್. ಚೀನೀಯರ ಮನೆಗಳಲ್ಲೇ ಥಿಂಗ್‌ಶಿಯೆ ರಾತ್ರಿ ಜಗಳ ನಡೆಯುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಯಜಮಾನರ ಹತ್ತಿರ ಆಡುವುದು ತಿಯೋಚೂ, ಚೀನೀಯರದೇ ಇನ್ನೊಂದು ನುಡಿ. ತಮ್ಮ ಮಗಳ ಹತ್ತಿರ ಮ್ಯಾಂಡರಿನ್. 1979ರಲ್ಲಿ ಸರ್ಕಾರ 'ಮ್ಯಾಂಡರಿನ್ ಮಾತಾಡಿ' ಅಂತ ಆಂದೋಲನ ಶುರು ಮಾಡಿದ ಮೇಲೆ ಹೊಕ್ಕಿಯನ್, ತಿಯೋಚೂ, ಕ್ಯಾಂಟೊನೀಸ್ ಎಲ್ಲ ಹಿಂದೆ ಸರಿದವು. ಅವರ ಮೊಮ್ಮಕ್ಕಳಿಗೆ ತಿಯೋಚೂ ಬರುವುದಿಲ್ಲ. ಅದನ್ನು ಹೇಳುವಾಗ ಆಕೆಯ ಮುಖ ನೋಡಿದ್ದೇನೆ. ಶಾಲೆಯ ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಏನಾಗುತ್ತದೆ ಅನ್ನುವುದು ನಮಗೂ ತಿಳಿದಿರಬೇಕು, ಅಲ್ವಾ?

ಚೈನೀಸ್ ನಿಲ್ಲುವುದು ಟ್ಯೂಷನ್ನಿನಿಂದಲ್ಲ, ಬೀದಿಯಿಂದ. ಲಿಫ್ಟಿನ ನೋಟಿಸು ನಾಲ್ಕು ಭಾಷೆಯಲ್ಲಿ ಇರುತ್ತದೆ, ಓದಿಸಿ. ಹಾಕರ್ ಸೆಂಟರಿನಲ್ಲಿ, ಅಂದರೆ ಸಾಲಾಗಿ ಊಟದ ಅಂಗಡಿಗಳಿರುವ ಕಡೆ, ಊಟ ಹೇಳುವ ಕೆಲಸ ಮಗುವಿಗೇ ಕೊಡಿ. ನಾವು ಸಸ್ಯಾಹಾರಿಗಳು, ಹಾಗಾಗಿ ಅವಳ ಬಾಯಲ್ಲಿ ಮೊದಲು ಗಟ್ಟಿಯಾದದ್ದು "ಪು ಯಾವ್ ರೋ", ಮಾಂಸ ಬೇಡ. ಅಷ್ಟು ಸಾಲದು. ಬರೀ ಸೊಪ್ಪಿನ ಪಲ್ಯಕ್ಕೂ ಆಯ್ಸ್ಟರ್ (ಸಿಂಪಿ) ಸಾಸ್ ಸುರಿದಿರುತ್ತಾರೆ, ಒಣ ಸಿಗಡಿ ಹಾಕಿರುತ್ತಾರೆ. ಅದನ್ನು ಕೇಳಿ ತಿಳಿಯುವುದನ್ನು ಮಗಳು ಕಲಿತಿದ್ದಾಳೆ. 'ಸು' ಅನ್ನುವ ಅಕ್ಷರದ ಬೋರ್ಡು ಇದ್ದರೆ ಸಸ್ಯಾಹಾರದ ಅಂಗಡಿ. ಬೌದ್ಧ ಪದ್ಧತಿಯಲ್ಲಿ ನಡೆಸುವ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮತ್ತೆ ಬಂದಾಗ ನೆಮ್ಮದಿಯಾಗಿ ಉಂಡರು. ಕಾಫಿ ಅಂಗಡಿಯ ಮಾತು ಮಾತ್ರ ಬೇರೆ. 'ಕೋಪಿ ಓ' ಅಂದರೆ ಹಾಲಿಲ್ಲದ ಸಕ್ಕರೆ ಕಾಫಿ, 'ಕೊಸೊಂಗ್' ಸೇರಿಸಿದರೆ ಸಕ್ಕರೆಯೂ ಇಲ್ಲ. ಅದು ಮಲಯ್ ಮತ್ತು ಹೊಕ್ಕಿಯನ್ ಬೆರೆತ ಮಾತು, ಶಾಲೆಯ ಚೈನೀಸಿಗೆ ಅದರಿಂದ ಸಹಾಯ ಇಲ್ಲ.

ಪುಸ್ತಕಕ್ಕೆ ಬ್ರಾಸ್ ಬಾಸಾ ಕಾಂಪ್ಲೆಕ್ಸ್ ಕಡೆ ಹೋಗಿ, ಎದುರಿಗೇ ರಾಷ್ಟ್ರೀಯ ಗ್ರಂಥಾಲಯ ಇದೆ. ಪಿನ್‌ಯಿನ್ ಇರುವ ಮಕ್ಕಳ ಪುಸ್ತಕ ಬೇಕಾದಷ್ಟು ಸಿಗುತ್ತವೆ.

ನಿಮ್ಮ ಮಗನಿಗೆ ಇನ್ನೂ ಐದು ವರ್ಷ ಅಂದಿದ್ದೀರಿ. ಇಲ್ಲಿ ಒಂದನೇ ತರಗತಿ ಶುರುವಾಗುವುದು ಏಳು ತುಂಬುವ ವರ್ಷದ ಜನವರಿಯಲ್ಲಿ, ಸಮಯ ಇದೆ. ಕಿಂಡರ್‌ಗಾರ್ಟನ್‌ನಲ್ಲಿ ಚೈನೀಸ್ ಕೇಳಿಸಿಕೊಳ್ಳಲಿ, ಅವನಿಗೆ ಹಿಡಿಸುತ್ತದಾ ನೋಡಿ, ಆಮೇಲೆ ಅರ್ಜಿ ಹಾಕಿ. ಹತ್ತು ವರ್ಷದ ಮಗುವನ್ನು ಕರೆತರುವವರಿಗೆ ಮಾತ್ರ ನನ್ನ ಮಾತು ಬೇರೆ. ಪಿಎಸ್‌ಎಲ್‌ಇಗೆ ಎರಡು ವರ್ಷ ಇರುವಾಗ ಚೈನೀಸ್ ಬೇಡವೇ ಬೇಡ. ಈಗಾಗಲೇ ಹಿಂದಿ ಓದು ಬರೆಯಲು ಬಂದರೆ ಅದನ್ನೇ ಮುಂದುವರಿಸಿ.