ಪೆಯೋಟಿ ಹೆಣಿಗೆ: ಒಂದು ಅಂಚು ಸರಿ ಬರ್ತಿದೆ, ಇನ್ನೊಂದು ಅಂಚಲ್ಲಿ ಮಣಿ ನೇತಾಡ್ತಿದೆ

ಕರಿಮಣಿಸರ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನನ್ನ ಅಕ್ಕನ ಮಗಳ ಹುಟ್ಟುಹಬ್ಬ. ಅವಳಿಗೆ ನಾನೇ ಮಣಿ ಬ್ರೇಸ್‌ಲೆಟ್ ಮಾಡಿ ಕೊಡಬೇಕು ಅಂತ ಆಸೆ. ಅಮ್ಮನಿಂದ ಕರಿಮಣಿ ಪೋಣಿಸೋದು ಕಲಿತಿದ್ದೇನೆ, ಆದರೆ ಅದು ಒಂದೇ ಎಳೆ. ಸೂಜಿ ದಾರದಿಂದ ಮಣಿಗಳನ್ನು ಪಟ್ಟಿಯ ಹಾಗೆ ಹೆಣೆಯುವ ಈ ಪೆಯೋಟಿ ಮಾಡುತ್ತಿರುವುದು ಇದೇ ಮೊದಲು.

ನಡುವೆ ಒಂದು ಕೆಂಪು ಗೆರೆ, ಎರಡೂ ಕಡೆ ನಾಲ್ಕು ನಾಲ್ಕು ಹಸಿರು. ಹಾಗಾಗಿ 9 ಮಣಿ ಪೋಣಿಸಿ ಶುರು ಮಾಡಿದೆ. ಎರಡು ತೊಂದರೆ ಆಗ್ತಿದೆ.

ಮೂರನೇ ಸಾಲು ಬರುವಷ್ಟರಲ್ಲಿ ಎಲ್ಲ ತಿರುಚಿಕೊಂಡು ಚಕ್ಕುಲಿ ಥರ ಆಗುತ್ತದೆ. ಯಾವ ಮಣಿ ಮೇಲಿನದು, ಯಾವುದು ಕೆಳಗಿನದು ಗೊತ್ತಾಗೋದಿಲ್ಲ. ಹೇಗೋ ಮುಂದುವರಿಸಿದರೆ ಬಲಗಡೆ ಅಂಚು ಚೆನ್ನಾಗಿ ಬರುತ್ತದೆ. ಎಡಗಡೆ ಮಾತ್ರ ಕೊನೆಯ ಮಣಿ ಹೊರಗೆ ಜೋತು ಬೀಳುತ್ತದೆ, ದಾರ ಕಾಣುತ್ತದೆ. ಐದು ಸಲ ಬಿಚ್ಚಿ ಮತ್ತೆ ಹಾಕಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಮೈಸೂರುಮಣಿ

ನಿಮ್ಮ ಕೈಯಲ್ಲಿ ತಪ್ಪಿಲ್ಲ. ತೊಂದರೆ ಇರುವುದು 9ರಲ್ಲಿ.

ಪೆಯೋಟಿಯಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಮೊದಲು ಪೋಣಿಸಿದ ಮಣಿಗಳು ಒಂದು ಸಾಲಲ್ಲ, ಎರಡು ಸಾಲು. ಮೂರನೇ ಸಾಲು ಹಾಕಿ ದಾರ ಎಳೆದಾಗ ಅವು ಒಂದು ಬಿಟ್ಟು ಒಂದು ಮೇಲೆ ಕೆಳಗೆ ಸರಿದು, ಇಟ್ಟಿಗೆ ಗೋಡೆಯನ್ನು ಪಕ್ಕಕ್ಕೆ ಮಲಗಿಸಿದ ಹಾಗೆ ಕೂರುತ್ತವೆ. ಹಾಗಾಗಿ ನಿಮಗೆ ಚಕ್ಕುಲಿ ಥರ ಕಂಡಿದ್ದು ಸಹಜ.

ಈಗ 10 ಮಣಿ ಪೋಣಿಸಿ ನೋಡಿ. 11ನೇ ಮಣಿ ತಗೊಂಡು 10ನ್ನು ಬಿಟ್ಟು 9ರೊಳಗೆ ಹೋಗಿ. ಇನ್ನೊಂದು ಮಣಿ, 8 ಬಿಟ್ಟು 7ರೊಳಗೆ. ಹೀಗೇ 5, 3, 1. ಕೊನೆಗೆ 1ನೇ ಮಣಿಯಿಂದ ಹೊರಗೆ ಬರುತ್ತೀರಿ. ತಿರುಗುವುದು ಸಲೀಸು. ಅದೇ 9 ಮಣಿ ಆದರೆ 8, 6, 4, 2 ದಾಟಿದ ಮೇಲೆ 1ರ ತಲೆಯ ಮೇಲೆ ಕೂರಬೇಕಾದ ಮಣಿಗೆ ಮುಂದೆ ಹೋಗಲು ದಾರಿಯೇ ಇಲ್ಲ. ಅದೇ ನಿಮ್ಮ ನೇತಾಡುವ ಮಣಿ.

ಬೆಸ ಸಂಖ್ಯೆಗೂ ಉಪಾಯ ಇದೆ. ಮೂರನೇ ಸಾಲಿನ ಆ ಕೊನೆಯ ಮಣಿ ಹಾಕಿದ ಮೇಲೆ, ಶುರುವಲ್ಲಿ ಬಿಟ್ಟ ಬಾಲದ ದಾರದ ಜೊತೆ ಗಂಟು ಹಾಕಿ, ಅದೇ ಮಣಿಯೊಳಗೆ ವಾಪಸ್ ಬರಬೇಕು. ಮುಂದೆ ಆ ಅಂಚಿಗೆ ಬಂದಾಗಲೆಲ್ಲ ಅಂಚಲ್ಲಿ ಕಾಣುವ ದಾರದ ಕೆಳಗೆ ಸೂಜಿ ತೂರಿಸಿ, ಅದೇ ಮಣಿಯೊಳಗೆ ಮರಳಬೇಕು. ಆದರೆ ಮೊದಲ ಪಟ್ಟಿಗೆ ಇದು ಬೇಡ. ಕೈ ಕೂರುವ ತನಕ ಸಮ ಸಂಖ್ಯೆಯಲ್ಲೇ ಮಾಡಿ.

ಇನ್ನು ತಿರುಚಿಕೊಳ್ಳುವುದಕ್ಕೆ ನಾನು ಕಲಿಸುವಾಗ ಮಾಡಿಸುವುದು ಹೀಗೆ. ಕೆಂಪು, ಹಸಿರು, ಕೆಂಪು, ಹಸಿರು ಅಂತ 10 ಪೋಣಿಸಿ. ಮೂರನೇ ಸಾಲಿಗೆ ಬರೀ ಹಸಿರು. ನಾಲ್ಕಕ್ಕೆ ಬರೀ ಕೆಂಪು. ಸೂಜಿಯಲ್ಲಿ ಹಸಿರು ಇದ್ದರೆ ದಾಟಬೇಕಾದ್ದು ಕೆಂಪು. ಸೂಜಿಯಲ್ಲಿ ಕೆಂಪು ಇದ್ದರೆ ದಾಟಬೇಕಾದ್ದು ಹಸಿರು. ಎಣಿಸುವ ಗೋಜೇ ಇಲ್ಲ. ತಪ್ಪಿದರೆ ಕಣ್ಣಿಗೆ ತಕ್ಷಣ ಬೀಳುತ್ತದೆ.

ಅಂದ ಹಾಗೆ ನೀವು ಯಾವ ಮಣಿ, ಯಾವ ದಾರ, ಯಾವ ಸೂಜಿ ಬಳಸ್ತಿದ್ದೀರಿ? ಶುರುವಲ್ಲಿ ತಡೆಮಣಿ ಹಾಕಿದ್ದೀರಾ?

ಕರಿಮಣಿಸರ

ತುಂಬಾ ಥ್ಯಾಂಕ್ಸ್. ಎರಡು ಸಾಲು ಅನ್ನೋ ವಿಷಯ ಯಾವ ವಿಡಿಯೋದಲ್ಲೂ ನನಗೆ ಹೊಳೆದಿರಲಿಲ್ಲ!

ಮಣಿ ಇಲ್ಲೇ ಫ್ಯಾನ್ಸಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ತಗೊಂಡಿದ್ದು, ಸಾಸಿವೆಗಿಂತ ಸ್ವಲ್ಪ ದಪ್ಪ. ದಾರ ಬಟ್ಟೆ ಹೊಲಿಯುವ ನೂಲು, ಎರಡೆಳೆ ಮಾಡಿಕೊಂಡಿದ್ದೇನೆ. ಸೂಜಿಯೂ ಮನೆಯದೇ. ಎರಡು ಮಣಿ ಒಡೆದೇ ಹೋದವು. ತಡೆಮಣಿ ಅಂದರೆ ಏನು?

ಶಿರಸಿಯವಳು

ಮಣಿ ಒಡೆಯೋದಕ್ಕೆ ಸೂಜಿಯೇ ಕಾರಣ ಕಣ್ರೀ. ಬಟ್ಟೆ ಸೂಜಿಯ ಕಣ್ಣಿನ ಜಾಗ ದಪ್ಪ. ಸೂಜಿ ಹೋಗುತ್ತದೆ, ಕಣ್ಣು ಸಿಕ್ಕಿಕೊಳ್ಳುತ್ತದೆ, ನಾವು ಎಳೀತೀವಿ, ಮಣಿ ಚೂರು. ಮಣಿ ಪೋಣಿಸೋ ಸೂಜಿ ಬೇರೆಯೇ ಇದೆ. ಉದ್ದ, ಸಪೂರ, ಕಣ್ಣೂ ಅಷ್ಟೇ ಸಪೂರ. ನಿಮ್ಮದರ ಹಾಗೆ ಸಣ್ಣದಾದ, 11/0 ಅನ್ನೋ ಅಳತೆಯ ಮಣಿಗೆ 10 ನಂಬರ್ ಸೂಜಿ ಸಾಕು. ಅದೂ ಬಿಗಿ ಅನ್ನಿಸಿದರೆ 12. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಪೂರ.

ಹತ್ತಿ ನೂಲು ಬೇಡವೇ ಬೇಡ. ಗಾಜಿನ ತೂತಿನ ಅಂಚು ಅದನ್ನು ಉಜ್ಜಿ ಉಜ್ಜಿ ತಿಂದುಬಿಡುತ್ತದೆ. ಕೈಗೆ ಹಾಕಿಕೊಂಡು ಓಡಾಡುವ ವಸ್ತು, ಮಗು ಬೇರೆ, ಒಂದು ದಿನ ಕಿತ್ತು ಮಣಿ ಎಲ್ಲ ಚೆಲ್ಲುತ್ತದೆ. ನೈಲಾನ್ ಮಣಿದಾರ ತಗೊಳ್ಳಿ. ಸಿಕ್ಕಿದರೆ ಫೈರ್‌ಲೈನ್ 6 ಪೌಂಡ್ ಭಾರ ತಡೆಯುವಂಥದು. ಅದು ಮೀನು ಹಿಡಿಯಲು ಮಾಡಿದ ದಾರ, ಮಣಿ ಕೆಲಸದವರು ಬಹಳ ಇಷ್ಟಪಡುತ್ತಾರೆ.

ತಡೆಮಣಿ ಅಂದರೆ ಶುರುವಲ್ಲಿ ಬೇರೆ ಬಣ್ಣದ ಒಂದು ಮಣಿ ಹಾಕಿ, ಸೂಜಿಯನ್ನು ಅದೇ ದಿಕ್ಕಲ್ಲಿ ಇನ್ನೊಮ್ಮೆ ಅದರೊಳಗೆ ತಂದು ನಿಲ್ಲಿಸುವುದು. ಗಂಟು ಹಾಕಬಾರದು, ಆಮೇಲೆ ತೆಗೆಯುತ್ತೀವಿ. ಬಾಲದ ದಾರ ಒಂದು ಗೇಣು ಬಿಡಿ. ಮೊದಲ ನಾಲ್ಕು ಸಾಲು ಆಗುವ ತನಕ ಆ ಬಾಲವನ್ನು ಎಡಗೈ ಬೆರಳಿಗೆ ಸುತ್ತಿಕೊಂಡು ಪಟ್ಟಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿದಿರಿ. ಅರ್ಧ ತಿರುಚೋದು ಅಲ್ಲೇ ನಿಲ್ಲುತ್ತದೆ.

ಇನ್ನು ಮಣಿ. ಪೊಟ್ಟಣದ ಮಣಿಗಳಲ್ಲಿ ಸಾಮಾನ್ಯವಾಗಿ ದಪ್ಪ, ತೆಳು ಎಲ್ಲ ಬೆರೆತಿರುತ್ತವೆ. ತಟ್ಟೆಗೆ ಸುರಿದು ಅಕ್ಕಿ ಆರಿಸಿದ ಹಾಗೆ ಆರಿಸಿ. ತೀರಾ ತೆಳುವಾದವು, ಓರೆಯಾದವು, ತೂತು ಮುಚ್ಚಿದವು ಪಕ್ಕಕ್ಕೆ. ಬೇಜಾರಿನ ಕೆಲಸ, ಆದರೆ ಪಟ್ಟಿ ನೇರ ಬರೋದು ಇದರಿಂದಲೇ. ಜಪಾನಿನ ಮಿಯುಕಿ ಡೆಲಿಕಾ ಅಂತ ಬರುತ್ತದೆ, ಸಣ್ಣ ಕೊಳವೆ ಆಕಾರ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಅಳತೆ. ಬೆಲೆ ಜಾಸ್ತಿ. ಕಲಿಯೋದು ಪೊಟ್ಟಣದ್ದರಲ್ಲಿ, ಉಡುಗೊರೆ ಡೆಲಿಕಾದಲ್ಲಿ ಮಾಡಿ ಅಂತ ನನ್ನ ಸಲಹೆ. ದಾರಕ್ಕೆ ಜೇನುಮೇಣ ಸವರಿದರೆ ಮಣಿ ಜಾರದೆ ಕೂರುತ್ತದೆ.

ಮೈಸೂರುಮಣಿ

ಶಿರಸಿಯವರ ಮಾತೆಲ್ಲ ಸರಿ, ಮೇಣ ಒಂದು ಬಿಟ್ಟು. ಫೈರ್‌ಲೈನಿಗೆ ಮೇಣ ಬೇಕಾಗೋದಿಲ್ಲ. ತಿಳಿ ಬಣ್ಣದ ಮಣಿಯಾದರೆ ಮೇಣಕ್ಕೆ ಕೊಳೆ ಅಂಟಿ ಪಟ್ಟಿ ಮಾಸುತ್ತದೆ. ನೈಲಾನ್ ದಾರಕ್ಕಾದರೆ ತೆಳುವಾಗಿ ಸವರಿ, ಬೆರಳಲ್ಲಿ ಒರೆಸಿಬಿಡಿ.

ಕರಿಮಣಿಸರ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹೊಸ ಸೂಜಿ, ನೈಲಾನ್ ದಾರ, ಆರಿಸಿದ ಮಣಿ. ಕೆಂಪು ಹಸಿರು ಉಪಾಯದಿಂದ ಮೂರು ಇಂಚು ಹೆಣೆದೆ! ಎರಡೂ ಅಂಚು ನೇರ ಬಂದಿವೆ.

ಆದರೆ ಪಟ್ಟಿ ಮೇಜಿನ ಮೇಲೆ ಚಪ್ಪಟೆ ಮಲಗುತ್ತಿಲ್ಲ, ದೋಣಿ ಥರ ಬಾಗುತ್ತದೆ. ಇನ್ನೊಂದು, ಒಂದು ಕಡೆ ಬಣ್ಣ ತಪ್ಪಿತ್ತು. ಬಿಚ್ಚಲು ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತೂರಿಸಿದೆ. ದಾರ ಸೀಳಿ ಎಳೆ ಎಳೆಯಾಯಿತು. ಈಗ ಉಳಿದಿರೋ ದಾರ ಒಂದು ಗೇಣು. ಎಲ್ಲ ಬಿಚ್ಚಬೇಕಾ?

ಮೈಸೂರುಮಣಿ

ಬಿಚ್ಚಬೇಡಿ! ಮೂರು ಇಂಚು ಅಂದರೆ ನೀವು ಕಲಿತಾಯಿತು.

ಬಾಗುತ್ತಿರುವುದು ದಾರ ಜಾಸ್ತಿ ಬಿಗಿ ಎಳೆದಿದ್ದರಿಂದ. ಪ್ರತಿ ಮಣಿ ಕೂತ ತಕ್ಷಣ ನಿಲ್ಲಿಸಿ, ಆಮೇಲೆ ಇನ್ನೊಂದು ಎಳೆತ ಬೇಡ. ಮಣಿಗಳ ನಡುವೆ ದಾರ ಕಾಣಬಾರದು, ಪಟ್ಟಿ ಬೆರಳ ಸುತ್ತ ಬಟ್ಟೆಯ ಹಾಗೆ ಬಳುಕಬೇಕು. ಅಷ್ಟು ಬಿಗಿ ಸಾಕು.

ಬಿಚ್ಚುವಾಗ ಸೂಜಿಯನ್ನು ಯಾವತ್ತೂ ಹಿಂದಕ್ಕೆ ತೂರಿಸಬೇಡಿ. ಅದು ಒಳಗಿರುವ ದಾರವನ್ನೇ ಚುಚ್ಚುತ್ತದೆ. ಸೂಜಿಯಿಂದ ದಾರ ಬಿಡಿಸಿ, ಒಂದೊಂದೇ ಮಣಿಯಿಂದ ದಾರವನ್ನು ಎಳೆದು ತೆಗೆಯಿರಿ. ಈಗ ಸೀಳಿದ ಜಾಗದ ತನಕ ಹಾಗೆ ಬಿಚ್ಚಿ, ಅಷ್ಟು ದಾರ ಕತ್ತರಿಸಿಬಿಡಿ.

ಹೊಸ ದಾರ ಸೇರಿಸಲು, ನಾಲ್ಕೈದು ಸಾಲು ಕೆಳಗಿಂದ ಓರೆಯಾಗಿ ಮಣಿಗಳೊಳಗೆ ಹಾಯಿಸಿ, ಒಂದೆರಡು ಕಡೆ ದಿಕ್ಕು ಬದಲಿಸಿ, ನಡುವೆ ಒಂದು ಸಣ್ಣ ಗಂಟು ಹಾಕಿ, ಹಳೆ ದಾರ ಹೊರಬಂದ ಮಣಿಯಿಂದಲೇ ಹೊರಗೆ ಬನ್ನಿ. ಹಳೆ ದಾರದ ತುದಿಯನ್ನೂ ಹಾಗೇ ಒಳಗೆ ಅಡಗಿಸಿ. ಇನ್ನು ಮುಂದೆ ಎರಡು ಗೇಣು ಉಳಿದಾಗಲೇ ದಾರ ಬದಲಿಸಿ.

ಕರಿಮಣಿಸರ

ಸರಿ ಹೋಯಿತು! ಈಗ ಉಡುಗೊರೆಗೆ ಡೆಲಿಕಾ ತರಿಸಬೇಕು. ಮಗುವಿನ ಮಣಿಕಟ್ಟು 13 ಸೆಂಟಿಮೀಟರ್. ಎಷ್ಟು ಗ್ರಾಂ ತಗೊಳ್ಳಲಿ?

ಶಿರಸಿಯವಳು

11/0 ಡೆಲಿಕಾ ಸುಮಾರು 1.6 ಮಿಲಿಮೀಟರ್ ದಪ್ಪ, 1.3 ಉದ್ದ. 10 ಮಣಿಯ ಪಟ್ಟಿ 13 ಮಿಲಿಮೀಟರ್ ಅಗಲ ಬರುತ್ತದೆ. ಮಣಿಕಟ್ಟಿಗೆ ಒಂದು ಸೆಂಟಿಮೀಟರ್ ಸಡಿಲ ಸೇರಿಸಿ 14 ಅಂದುಕೊಳ್ಳಿ. ಒಂದು ಅಂಚಿನ ಉದ್ದಕ್ಕೆ 87, 88 ಮಣಿ. ಹತ್ತು ಗೆರೆಗೆ 880. ಗ್ರಾಮಿಗೆ ಸುಮಾರು 200 ಮಣಿ ಬರುವುದರಿಂದ ನಾಲ್ಕೂವರೆ ಗ್ರಾಂ ಸಾಕು. ಕೆಂಪು, ಹಸಿರು ಸಮವಾಗಿ ಬಳಸುವುದಾದರೆ, ಕಳೆದುಹೋಗುವುದಕ್ಕೂ ಸೇರಿಸಿ ಪ್ರತಿ ಬಣ್ಣ 3 ಗ್ರಾಂ ತರಿಸಿ.

ಕೊಕ್ಕೆ ಬೇಡ, ಮಕ್ಕಳ ಕೈಗೆ ಚುಚ್ಚುತ್ತದೆ. ಒಂದು ತುದಿಗೆ ಸಣ್ಣ ಗುಂಡಿ ಹೊಲಿದು, ಇನ್ನೊಂದು ತುದಿಗೆ ಮಣಿಗಳದ್ದೇ ಕುಣಿಕೆ ಮಾಡಿ. ಗುಂಡಿ ಸ್ವಲ್ಪ ಕಷ್ಟಪಟ್ಟು ದಾಟುವಷ್ಟು ಅಳತೆ ಇರಲಿ. ಆ ಕುಣಿಕೆಯೊಳಗೆ ದಾರ ಮೂರು ಸಲ ಹಾಯಿಸಿ, ಎಳೆತವೆಲ್ಲ ಬೀಳೋದು ಅದರ ಮೇಲೆಯೇ.

ಕರಿಮಣಿಸರ

ಇವತ್ತು ಮುಗಿಯಿತು. ಗುಂಡಿಗೆ ಅಮ್ಮನ ಹಳೇ ರವಿಕೆಯ ಒಂದು ಮುತ್ತಿನ ಗುಂಡಿ ಸಿಕ್ಕಿತು. ಕುಣಿಕೆಗೆ 22 ಮಣಿ ಹಿಡಿಸಿತು. ಪಟ್ಟಿ ಮೇಜಿನ ಮೇಲೆ ಚಪ್ಪಟೆ ಮಲಗಿದೆ. ಅಮ್ಮ ನೋಡಿ, ತನಗೂ ಒಂದು ಬೇಕು, ನಡುವೆ ಕರಿಮಣಿ ಗೆರೆ ಇರಲಿ ಅಂದರು. ಅದು 9 ಮಣಿಯದೇ ಆಗಬೇಕು. ಅಂಚಲ್ಲಿ ತಿರುಗುವುದನ್ನು ನಾಳೆ ಪೊಟ್ಟಣದ ಮಣಿಯಲ್ಲಿ ಮಾಡಿ ನೋಡುತ್ತೇನೆ. ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯುತ್ತೇನೆ.