ಜೆಲ್‌ಕೋಟ್ ಒಣಗ್ತಾನೇ ಇಲ್ಲ, ಕೈಗೆ ಅಂಟುತ್ತಿದೆ. ಏನು ಮಾಡಲಿ?

ಗಂಗೊಳ್ಳಿ_ದೋಣಿ:
ತಲೆ ಕೆಟ್ಟು ಹೋಗಿದೆ. ಫೈಬರ್ ದೋಣಿಯ ಹಿಂಬದಿ ಬಿರುಕು ಬಿಟ್ಟಿತ್ತು. ಉಜ್ಜಿ, ಪುಟ್ಟಿ ತುಂಬಿಸಿ, ಬಿಳಿ ಜೆಲ್‌ಕೋಟ್ (ಫೈಬರ್ ಮೇಲೆ ಹೊರಪದರವಾಗಿ ಕೂರುವ ರೆಸಿನ್) ಬ್ರಷ್‌ನಲ್ಲಿ ಹಚ್ಚಿದೆ. ವಾರ ಆಗ್ತಾ ಬಂತು, ಇನ್ನೂ ಅಂಟು. ಬೆರಳಿಟ್ಟರೆ ಗುರುತು ಬೀಳುತ್ತದೆ. ಮಾಲೇ ಸರಿ ಇಲ್ಲ ಅನಿಸುತ್ತದೆ. ಊರಿನ ನಾಡದೋಣಿಗಳೆಲ್ಲ ಒಂದೊಂದಾಗಿ ಕಡಲಿಗೆ ಇಳಿಯುತ್ತಿವೆ, ನನ್ನದು ಮಾತ್ರ ಶೆಡ್‌ನಲ್ಲಿ. ಬೇಗ ಹೇಳಿ.

ಕಾಳಿತೀರ:
ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ಎಷ್ಟು ಹಾಕಿದ್ದೀರಿ?

ಗಂಗೊಳ್ಳಿ_ದೋಣಿ:
ಎಲ್ಲರೂ ಹಾಕುವಷ್ಟೇ.

ಕಾಳಿತೀರ:
ಅದು ಅಳತೆ ಅಲ್ಲ. 100 ಗ್ರಾಂ ಜೆಲ್‌ಕೋಟ್‌ಗೆ ಸುಮಾರು 2 ಗ್ರಾಂ ಎಂಇಕೆಪಿ, ಅಂದರೆ ಅದೇ ಕ್ಯಾಟಲಿಸ್ಟ್, ಬೇಕು. ಶೇ. 1ಕ್ಕಿಂತ ಕಡಿಮೆ ಆದರೆ ಎಷ್ಟು ದಿನ ಕಾದರೂ ಪೂರ್ತಿ ಗಟ್ಟಿ ಆಗುವುದಿಲ್ಲ. ಮುಚ್ಚಳದ ಲೆಕ್ಕ ಬಿಡಿ, ಸಿರಿಂಜ್ ತನ್ನಿ. ಬಾಟಲಿ ಹಳೆಯದಾ? ಬಿಸಿಲಿನಲ್ಲಿ ಇಟ್ಟ ಎಂಇಕೆಪಿ ಶಕ್ತಿ ಕಳೆದುಕೊಳ್ಳುತ್ತದೆ.

ಸೀತಾನದಿ_ಕಯಾಕ್:
ಮೇಣ ಸೇರಿಸಿದ್ದೀರಾ? ಜೆಲ್‌ಕೋಟ್ ಅಚ್ಚಿಗೆ ಹಚ್ಚಲು ಮಾಡಿದ ಮಾಲು. ಅಚ್ಚಿನ ಕಡೆ ಗಾಳಿ ತಾಗುವುದಿಲ್ಲ. ರಿಪೇರಿಯಲ್ಲಿ ಹೊರಮೈಗೆ ಗಾಳಿ ತಾಗುತ್ತದೆ, ಆಮ್ಲಜನಕ ಮೇಲಿನ ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ. ಅದಕ್ಕೇ ಕೊನೆಯ ಕೋಟ್‌ಗೆ ಸ್ಟೈರೀನ್‌ನಲ್ಲಿ (ರೆಸಿನ್ ತೆಳುಮಾಡುವ ದ್ರವ) ಕರಗಿಸಿದ ಮೇಣ ಬೇಕು. ಇಲ್ಲದಿದ್ದರೆ ಮೇಲೆ ಗಾಳಿ ತಡೆಯುವ ಪಿವಿಎ ಪೊರೆ ಸ್ಪ್ರೇ ಮಾಡಬೇಕು. ಆದರೆ ಪಿವಿಎ ನೀರಿನಲ್ಲಿ ಕರಗುತ್ತದೆ, ಈ ಮಳೆಯಲ್ಲಿ ಶೆಡ್ ಸೋರಿದರೆ ತೊಳೆದೇ ಹೋಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಚಾಕುವಿನ ತುದಿಯಿಂದ ಕೆರೆಯಿರಿ. ಕೆಳಗೆ ಗಟ್ಟಿ ಇದ್ದರೆ ಗಾಳಿಯ ಸಮಸ್ಯೆ. ತಳದವರೆಗೂ ಮೆತ್ತಗಿದ್ದರೆ ಬೇರೆಯೇ ಕಥೆ.

ಕಾಳಿತೀರ:
ಮೇಣ ಎಲ್ಲ ಎರಡನೇ ಮಾತು. ಬೆರಳಿನ ಗುರುತು ಬೀಳುತ್ತದೆ ಅಂದರೆ ಕ್ಯಾಟಲಿಸ್ಟ್ ಕಡಿಮೆ ಅಂತಲೇ ಅರ್ಥ. ಕೋಬಾಲ್ಟ್ (ಕ್ಯಾಟಲಿಸ್ಟ್ ಕೆಲಸ ಚುರುಕು ಮಾಡುವ ದ್ರವ) ಬೇರೆ ಬಾಟಲಿಯಲ್ಲಿ ಬಂದಿತ್ತಾ? ಅದನ್ನು ಹಾಕಿದ್ರಾ?

ಮಲ್ಪೆ_ಯಾರ್ಡ್:
ಕೋಬಾಲ್ಟ್ ಮಾತು ಬಂದಿದ್ದರಿಂದ ಹೇಳುತ್ತೇನೆ, ದಯವಿಟ್ಟು ಓದಿ. ಕೋಬಾಲ್ಟ್ ಮತ್ತು ಎಂಇಕೆಪಿಯನ್ನು ಯಾವತ್ತೂ ನೇರವಾಗಿ ಸೇರಿಸಬೇಡಿ. ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಸೇರಿಸಿದ ಮಾಲಾದರೆ ಮತ್ತೆ ಹಾಕುವುದು ಬೇಡ. ಸೇರಿಸಿಲ್ಲದಿದ್ದರೆ ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಎಂಇಕೆಪಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ನಾನಾದರೆ ಜೆಲ್‌ಕೋಟ್ ಗೋಜಿಗೇ ಹೋಗುವುದಿಲ್ಲ. ಎರಡು ಪ್ಯಾಕ್ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯುತ್ತೇನೆ. ನನ್ನ 28 ಅಡಿ ದೋಣಿ ಹಾಗೇ ಇದೆ. ಪೇಂಟ್ ಇನ್ನೂ ಹೊಳೆಯುತ್ತಿದೆ.

ಸೀತಾನದಿ_ಕಯಾಕ್:
ಪೇಂಟ್ ಪದರ ತೆಳು. ಜೆಲ್‌ಕೋಟ್ ಅರ್ಧ ಮಿಲಿಮೀಟರ್ ದಪ್ಪ ಕೂರುತ್ತದೆ. ಮರಳ ಮೇಲೆ ಎಳೆಯುವ ದೋಣಿಗೆ ಪೇಂಟ್ ಎಷ್ಟು ದಿನ ನಿಲ್ಲುತ್ತದೆ?

ಮಲ್ಪೆ_ಯಾರ್ಡ್:
ನನ್ನದು ಜೆಟ್ಟಿಯಲ್ಲಿ ನಿಲ್ಲುವ ದೋಣಿ. ಮರಳಿಗೆ ಎಳೆಯುವವರಿಗೆ ನಿಮ್ಮ ಮಾತು ಸರಿ, ಉಳಿದವರಿಗೆ ಅಲ್ಲ.

ಗಂಗೊಳ್ಳಿ_ದೋಣಿ:
ಪೇಂಟ್ ಜಗಳ ಆಮೇಲೆ ಮಾಡಿ. ಕೆರೆದು ನೋಡಿದೆ. ಅಂಚಿನಲ್ಲಿ, ಹಳೆ ಜೆಲ್‌ಕೋಟ್ ಮೇಲೆ, ಮೇಲ್ಪದರ ಮಾತ್ರ ಅಂಟು, ಕೆಳಗೆ ಗಟ್ಟಿ. ನಡುವೆ ಪುಟ್ಟಿ ಇರುವಲ್ಲಿ ತಳದವರೆಗೂ ಮೆತ್ತಗಿದೆ, ಸಿಪ್ಪೆಯಂತೆ ಎದ್ದು ಬರುತ್ತದೆ.

ಸೀತಾನದಿ_ಕಯಾಕ್:
ಪುಟ್ಟಿ ಯಾವುದು?

ಗಂಗೊಳ್ಳಿ_ದೋಣಿ:
ಎಪಾಕ್ಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನದು. ಯಾಕೆ?

ಸೀತಾನದಿ_ಕಯಾಕ್:
ಸಿಕ್ಕಿತು. ಎಪಾಕ್ಸಿ ಗಟ್ಟಿಯಾಗಲು ಹಾಕುವ ಅಮೈನ್ ಸ್ವಲ್ಪ ಮೇಲೆ ಉಳಿದರೂ ಸಾಕು, ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಂಚಿನಲ್ಲಿ ಗಟ್ಟಿಯಾಗಿದೆ, ನಡುವೆ ಇಲ್ಲ. ಎರಡೂ ಕಡೆ ಅದೇ ಡಬ್ಬಿ, ಅದೇ ಕ್ಯಾಟಲಿಸ್ಟ್ ಅಲ್ವಾ?

ಮೆತ್ತಗಿರುವುದನ್ನೆಲ್ಲ ಕೆರೆದು ತೆಗೆಯಿರಿ, ಅಸಿಟೋನ್‌ನಲ್ಲಿ ಒರೆಸಿ. ಎಪಾಕ್ಸಿ ಪುಟ್ಟಿಯನ್ನೂ ಉಜ್ಜಿ ತೆಗೆದು ಪಾಲಿಯೆಸ್ಟರ್ ಪುಟ್ಟಿ ತುಂಬಿ. ಸುತ್ತ 80 ನಂಬರ್ ಉಜ್ಜುವ ಕಾಗದದಲ್ಲಿ ಇಳಿಜಾರು ಮಾಡಿ. ಆಮೇಲೆ ಜೆಲ್‌ಕೋಟ್, ಕೊನೆಯ ಕೋಟ್‌ಗೆ ಮೇಣ. ಉಪ್ಪು, ತೇವ ಉಳಿಯಬಾರದು. ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಶುರು ಮಾಡಿ.

ಕಾಳಿತೀರ:
ನಡುವೆ ತೆಳ್ಳಗೆ ಹಚ್ಚಿದ್ದರೆ? ತೆಳು ಪದರ ಬಿಸಿಯೇರುವುದಿಲ್ಲ, ಸ್ಟೈರೀನ್ ಹಾರಿಹೋಗುತ್ತದೆ, ಮೆತ್ತಗೇ ಉಳಿಯುತ್ತದೆ. ಸಿರಿಂಜ್ ಅಳತೆ ಹೇಳುವ ತನಕ ನಾನು ಒಪ್ಪುವುದಿಲ್ಲ.

ಗಂಗೊಳ್ಳಿ_ದೋಣಿ:
ಪುಟ್ಟಿ ತೆಗೆಯುತ್ತೇನೆ. ಮೇಣದ ದ್ರಾವಣ ಕುಂದಾಪುರದಲ್ಲಿ ಸಿಗುತ್ತದಾ, ಉಡುಪಿಗೇ ಹೋಗಬೇಕಾ?

ಮಲ್ಪೆ_ಯಾರ್ಡ್:
ರೆಸಿನ್ ಮಾರುವ ಅಂಗಡಿಯಲ್ಲಿ ವ್ಯಾಕ್ಸ್ ಸೊಲ್ಯೂಷನ್ ಅಂತ ಕೇಳಿ. ಅದಕ್ಕೂ ಮೊದಲು ಬಿರುಕಿನ ಫೋಟೊ ಹಾಕಿ. ಹಿಂಬದಿ ಅಂದಿರಿ, ಇಂಜಿನ್ ಕೂರುವ ಹಲಗೆ ಹತ್ತಿರವಾ? ನಕ್ಷತ್ರದ ಹಾಗೆ ಹರಡಿದೆಯಾ? ಹಾಗಿದ್ದರೆ ಕೆಳಗಿನ ಫೈಬರ್ ಬಾಗುತ್ತಿದೆ, ಅಥವಾ ಒಳಗಿನ ಮರ ನೀರು ಕುಡಿದಿದೆ. ಮೇಲೆ ಏನು ಹಚ್ಚಿದರೂ ಮತ್ತೆ ಬಿರುಕು ಬಿಡುತ್ತದೆ.

ಮಲ್ಪೆ_ಯಾರ್ಡ್:
ಫೋಟೊ ಏನಾಯಿತು? ಸುತ್ತಿಗೆಯ ಹಿಡಿಯಿಂದ ತಟ್ಟಿ, ಸದ್ದು ಟೊಳ್ಳಾಗಿದೆಯಾ ನೋಡಿದಿರಾ?