ಹದಿನೈದು ತುಂಬಿದ ಹುಡುಗನನ್ನು ಗರಗಸದ ಯಂತ್ರದ ಮುಂದೆ ನಿಲ್ಲಿಸಬಹುದೇ?

ಪ್ರಶ್ನೆ

ನನ್ನ ಅಕ್ಕನ ಮಗನಿಗೆ ಹದಿನೈದು ವರ್ಷ ತುಂಬಿದೆ. ಶಾಲೆಗೆ ರಜೆ ಇರುವುದರಿಂದ ಮರಗೆಲಸದ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದಾನೆ. ಮೊದಲ ಎರಡು ವಾರ ಹಲಗೆ ಜೋಡಿಸಿಡುವುದು, ಮರಳುಕಾಗದದಿಂದ ಉಜ್ಜುವುದು, ನೆಲ ಗುಡಿಸುವುದು ಇಷ್ಟೇ ಅವನ ಕೆಲಸವಾಗಿತ್ತು. ಮೂರನೆಯ ವಾರ ಕೆಲಸಗಾರರೊಬ್ಬರು ಬಾರದೇ ಹೋದಾಗ ಅವನನ್ನು ವಿದ್ಯುತ್ ಗರಗಸದ ಮುಂದೆ ನಿಲ್ಲಿಸಿದರು. ಅಲ್ಲಿಂದೀಚೆಗೆ ರಾತ್ರಿ ಹನ್ನೊಂದಾದರೂ ಕೆಲಸ ಬಿಡುವುದಿಲ್ಲ. ಮೊನ್ನೆ ಬಟ್ಟೆ ಒಗೆಯುವಾಗ ಅವನ ಜೇಬಿನಲ್ಲಿ ಹತ್ತಿಯ ಕೈಗವಸು ಸಿಕ್ಕಿತು. ಅದರ ಹೆಬ್ಬೆರಳಿನ ತುದಿ ಕತ್ತರಿಸಿ ಹೋಗಿತ್ತು. ದೇವರ ದಯೆ, ಬೆರಳಿಗೆ ಏನೂ ಆಗಿರಲಿಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಅಕ್ಕ ಬಹಳ ಹೊತ್ತು ಮಾತಾಡದೆ ಕುಳಿತಿದ್ದಳು.

ವಿಚಾರಿಸಲು ಹೋದರೆ ಮಾಲೀಕರು, ಹುಡುಗನಿಗೆ ಕೆಲಸದ ವಯಸ್ಸು ತುಂಬಿದೆ, ಮನೆಯವರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ, ಇನ್ನೇನು ತಕರಾರು ಎನ್ನುತ್ತಾರೆ. ಕಾನೂನು ನೋಡುವುದು ವಯಸ್ಸನ್ನು ಮಾತ್ರವೇ? ನಾವು ಸಹಿ ಹಾಕಿದ್ದರಿಂದ ಎಲ್ಲ ಕೆಲಸಕ್ಕೂ ಒಪ್ಪಿದಂತಾಯಿತೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಮಾನ್ಯರೇ, ಮಾಲೀಕರು ಹೇಳಿದ್ದು ಅರ್ಧ ಸತ್ಯ, ಹುಡುಗರಿಗೆ ಅಪಾಯ ತರುವುದೂ ಆ ಅರ್ಧ ಸತ್ಯವೇ. ಕೆಲಸಕ್ಕೆ ಸೇರಲು ಒಂದು ವಯಸ್ಸು, ಅಪಾಯದ ಕೆಲಸ ಮಾಡಲು ಇನ್ನೊಂದು ವಯಸ್ಸು. ಇವೆರಡನ್ನೂ ಕಾನೂನು ಬೇರೆಬೇರೆಯಾಗಿಯೇ ಇಟ್ಟಿದೆ. ಬಹುತೇಕ ದೇಶಗಳ ಕಾನೂನಿಗೆ ಆಧಾರವಾಗಿರುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ 138ನೇ ಒಡಂಬಡಿಕೆ. ಅದರ ಪ್ರಕಾರ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸು ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗಿಂತ ಕಡಿಮೆ ಇರಬಾರದು, ಹೇಗಿದ್ದರೂ 15ಕ್ಕಿಂತ ಕೆಳಗಿಳಿಯಬಾರದು. ಆರ್ಥಿಕವಾಗಿ ಹಿಂದುಳಿದ ದೇಶಗಳು ಆರಂಭದಲ್ಲಿ 14 ಎಂದು ಇಟ್ಟುಕೊಳ್ಳಬಹುದು. ಆದರೆ ಆರೋಗ್ಯಕ್ಕೆ, ಸುರಕ್ಷತೆಗೆ, ನೈತಿಕತೆಗೆ ಕುಂದು ತರಬಹುದಾದ ಯಾವುದೇ ಕೆಲಸಕ್ಕೆ 18 ತುಂಬಿರಲೇಬೇಕು. ಸಂಪೂರ್ಣ ರಕ್ಷಣೆ ಮತ್ತು ಆ ಕೆಲಸದಲ್ಲೇ ಸರಿಯಾದ ತರಬೇತಿ ಸಿಕ್ಕಿದ್ದರೆ 16ರಿಂದ ಅವಕಾಶ ಕೊಡಬಹುದೆಂಬ ವಿನಾಯಿತಿ ಒಂದಿದೆ. ನಿಮ್ಮ ಹುಡುಗ ಆ ವಿನಾಯಿತಿಯ ಹತ್ತಿರಕ್ಕೂ ಬರುವುದಿಲ್ಲ.

ಯಾವುದು ಅಪಾಯದ ಕೆಲಸ ಎಂಬ ಪಟ್ಟಿಯನ್ನು ಪ್ರತಿ ದೇಶವೂ ತಾನೇ ತಯಾರಿಸಬೇಕೆಂದು 1999ರ 182ನೇ ಒಡಂಬಡಿಕೆ ಹೇಳುತ್ತದೆ. 2020ರಲ್ಲಿ ಸಂಸ್ಥೆಯ ಎಲ್ಲ 187 ಸದಸ್ಯ ರಾಷ್ಟ್ರಗಳೂ ಇದನ್ನು ಅನುಮೋದಿಸಿದಂತಾಯಿತು. ಎಲ್ಲ ಸದಸ್ಯರೂ ಒಪ್ಪಿದ ಮೊದಲ ಕಾರ್ಮಿಕ ಒಡಂಬಡಿಕೆ ಇದೇ. ಅದರ ಜೊತೆಗಿರುವ 190ನೇ ಶಿಫಾರಸು ಪಟ್ಟಿ ಮಾಡುವಾಗ ಗಮನಿಸಬೇಕಾದ ಕೆಲಸಗಳನ್ನು ಹೆಸರಿಸುತ್ತದೆ. ನೆಲದಡಿಯ, ನೀರಿನಡಿಯ, ಅಪಾಯಕಾರಿ ಎತ್ತರದ ಕೆಲಸಗಳ ಜೊತೆಗೆ ಅಪಾಯಕಾರಿ ಯಂತ್ರಗಳ ಕೆಲಸ, ಭಾರ ಹೊರುವುದು, ದೀರ್ಘಾವಧಿಯ ದುಡಿಮೆ ಮತ್ತು ರಾತ್ರಿ ಕೆಲಸ ಅಲ್ಲಿವೆ. ನೀವು ಬರೆದ ನಾಲ್ಕು ಸಾಲಿನಲ್ಲಿ ಇವುಗಳ ಪೈಕಿ ಕನಿಷ್ಠ ಎರಡು ಕಾಣಿಸುತ್ತಿವೆ.

ಇನ್ನು ಒಪ್ಪಿಗೆ ಪತ್ರದ ಮಾತು. ಮನೆಯವರು ಒಪ್ಪಿದರೆ ನಿಷೇಧ ಸಡಿಲವಾಗುತ್ತದೆ ಎಂದು ಈ ಎರಡು ಒಡಂಬಡಿಕೆಗಳಲ್ಲಿ ಎಲ್ಲಿಯೂ ಹೇಳಿಲ್ಲ. ಕಾನೂನು ಬೇಡವೆಂದ ಕೆಲಸಕ್ಕೆ ತಂದೆತಾಯಿಯ ಸಹಿ ಪರವಾನಗಿಯಾಗುವುದಾದರೆ, ಬಡತನದ ಮನೆಗಳ ಮಕ್ಕಳಿಗೆ ಕಾನೂನಿನ ನೆರಳೇ ಸಿಗುತ್ತಿರಲಿಲ್ಲ. ಸಹಿ ಹಾಕಿದೆವೆಂದು ನಿಮ್ಮ ಅಕ್ಕ ಕೊರಗಬೇಕಾಗಿಲ್ಲ, ಯಂತ್ರದ ಮುಂದೆ ನಿಲ್ಲಿಸಿದ ಹೊಣೆ ನಿಲ್ಲಿಸಿದವರದು.

ಉತ್ತರ 2

ನಾನು ಕೆಲಸದ ಸ್ಥಳಗಳಲ್ಲಿ ಸುರಕ್ಷತೆಯ ತರಬೇತಿ ಕೊಡುವವನು. ಆ ಕೈಗವಸಿನ ವಿಷಯ ಓದಿದ ಮೇಲೆ ಉಳಿದದ್ದನ್ನು ಓದಲು ಸ್ವಲ್ಪ ಸಮಯ ಬೇಕಾಯಿತು. ತಿರುಗುವ ಅಲಗಿನ ಹತ್ತಿರ ಬಟ್ಟೆಯ ಕೈಗವಸು ಹಾಕಲೇಬಾರದು. ಹಲ್ಲಿಗೆ ಒಂದು ಎಳೆ ಸಿಕ್ಕಿಕೊಂಡರೂ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹುಡುಗನ ಕೈಗೆ ಕವಸು ಕೊಟ್ಟವರು ಒಳ್ಳೆಯ ಉದ್ದೇಶದಿಂದಲೇ ಕೊಟ್ಟಿರಬಹುದು, ಆದರೆ ಅಲ್ಲಿ ಯಾರಿಗೂ ಯಂತ್ರದ ಪಾಠವಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಲಗಿನ ಮೇಲೆ ರಕ್ಷಾಕವಚ ಇದೆಯೇ, ಹಲಗೆಯ ತುದಿಯನ್ನು ಬೆರಳಿನಿಂದ ತಳ್ಳುತ್ತಾನೋ ಕೋಲಿನಿಂದ ತಳ್ಳುತ್ತಾನೋ, ಹಲಗೆ ಅಲಗಿಗೆ ಸಿಕ್ಕಿ ಹಿಂದಕ್ಕೆ ಚಿಮ್ಮಿದರೆ ಎಲ್ಲಿ ನಿಂತಿರಬೇಕೆಂದು ಗೊತ್ತೇ ಎಂದು ಅವನನ್ನು ಕೂರಿಸಿಕೊಂಡು ಕೇಳಿ. ಗದರಿಸದೆ ಕೇಳಿ; ಗದರಿದರೆ ಮುಂದೆ ಏನನ್ನೂ ಹೇಳುವುದಿಲ್ಲ.

ಹದಿನೆಂಟು ಎಂಬ ಗೆರೆಯನ್ನು ಸುಮ್ಮನೆ ಎಳೆದದ್ದಲ್ಲ. ಆ ವಯಸ್ಸಿನಲ್ಲಿ ಮೂಳೆಗಳ ತುದಿ ಇನ್ನೂ ಬೆಳೆಯುತ್ತಿರುತ್ತದೆ, ನಿದ್ದೆ ದೊಡ್ಡವರಿಗಿಂತ ಹೆಚ್ಚು ಬೇಕಾಗುತ್ತದೆ, ಯಂತ್ರದ ಎತ್ತರ ಮತ್ತು ಗುಂಡಿಗಳ ಅಂತರ ದೊಡ್ಡವರ ಮೈಯಳತೆಗೆ ಮಾಡಿದ್ದಾಗಿರುತ್ತದೆ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಆದರೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದು: ಹೊಸ ಹುಡುಗ "ನನಗೆ ಬರುವುದಿಲ್ಲ" ಎನ್ನುವುದಿಲ್ಲ. ಹದಿನಾರರಲ್ಲಿ ನಾನೂ ಹೇಳಲಿಲ್ಲ. ಓಡುತ್ತಿದ್ದ ಬೆಲ್ಟ್‌ನಿಂದ ಕಸ ತೆಗೆ ಎಂದಾಗ ಕೈ ಹಾಕಿದೆ. ಎಡಗೈಯ ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ವೇಳೆಯ ವಿಷಯವನ್ನು ಸೇರಿಸುತ್ತೇನೆ. ಕೈಗಾರಿಕೆಗಳಲ್ಲಿ ಎಳೆಯರ ರಾತ್ರಿ ಕೆಲಸದ ಬಗ್ಗೆ 1948ರ 90ನೇ ಒಡಂಬಡಿಕೆ ಇದೆ. ಅದರಲ್ಲಿ ರಾತ್ರಿ ಎಂದರೆ ಕನಿಷ್ಠ ಹನ್ನೆರಡು ಗಂಟೆಗಳ ನಿರಂತರ ಅವಧಿ, ಹದಿನಾರರ ಒಳಗಿನವರಿಗೆ ಅದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಸಮಯವನ್ನು ಒಳಗೊಂಡಿರಲೇಬೇಕು. ದೇಶಗಳ ಕಾನೂನುಗಳು ಇದಕ್ಕಿಂತ ಬಿಗಿಯಾಗಿರುವುದೂ ಉಂಟು. ಅಮೆರಿಕದ 1938ರ ಕಾನೂನಿನಡಿ 14 ಮತ್ತು 15ರ ವಯಸ್ಸಿನವರು ಶಾಲಾ ದಿನಗಳಲ್ಲಿ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅಲ್ಲಿ ವಿದ್ಯುತ್ ಮರಗೆಲಸದ ಯಂತ್ರಗಳು ಹದಿನೆಂಟರ ಒಳಗಿನವರಿಗೆ ನಿಷಿದ್ಧವಾದ ಪಟ್ಟಿಯಲ್ಲಿವೆ, ವಿನಾಯಿತಿ ಇರುವುದು ತರಬೇತಿಯಲ್ಲಿರುವ ಕೆಲವರಿಗೆ ಮಾತ್ರ. ಯುರೋಪಿಯನ್ ಒಕ್ಕೂಟದ 1994ರ ನಿರ್ದೇಶನವು ನಾಲ್ಕೂವರೆ ಗಂಟೆ ಮೀರಿದ ಕೆಲಸಕ್ಕೆ ಎಳೆಯರಿಗೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕೆನ್ನುತ್ತದೆ.

ನಿಯಮವಿದ್ದರೆ ಸಾಲದು, ತಪಾಸಣೆ ಮಾಡುವವರೂ ಬೇಕು ಎಂಬುದು ಹಳೆಯ ಪಾಠ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆಗೆ ಬಲ ಬಂದದ್ದು ಅದು ಸರ್ಕಾರಿ ನಿರೀಕ್ಷಕರನ್ನು ನೇಮಿಸಿದ್ದರಿಂದ. ಮೊದಲಿಗೆ ಅವರು ನಾಲ್ವರೇ ಇದ್ದರು. ಜನನ ದಾಖಲೆ ಇಲ್ಲದ ಕಾಲವಾದ್ದರಿಂದ ಮಗುವಿನ ಮೈಕಟ್ಟು ನೋಡಿ ವೈದ್ಯರು ವಯಸ್ಸನ್ನು ದೃಢೀಕರಿಸುತ್ತಿದ್ದರು. ಈಗ ಹಾಗಿಲ್ಲ. ಹದಿನೆಂಟರ ಒಳಗಿನ ಪ್ರತಿ ಕೆಲಸಗಾರನ ಹೆಸರು, ಹುಟ್ಟಿದ ದಿನಾಂಕ ಅಥವಾ ವಯಸ್ಸು ಇರುವ ದಾಖಲೆ ಪುಸ್ತಕವನ್ನು ಮಾಲೀಕರು ಇಡಬೇಕೆಂದು 138ನೇ ಒಡಂಬಡಿಕೆಯೇ ಹೇಳುತ್ತದೆ. ಅದನ್ನು ತೋರಿಸುವಂತೆ ಕೇಳಿ. ಹುಡುಗ ಯಾವ ದಿನ ಎಷ್ಟು ಹೊತ್ತಿಗೆ ಹೋದ, ಎಷ್ಟಕ್ಕೆ ಬಂದ, ಏನು ಕೆಲಸ ಮಾಡಿದ ಎಂಬುದನ್ನು ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೂಲಿ ಬಾಕಿಯನ್ನು ಬಿಡಬೇಡಿ, ದುಡಿದದ್ದು ಅವನ ಹಕ್ಕು.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಇಂದು ಬೆಳಿಗ್ಗೆ ಅಕ್ಕನೂ ನಾನೂ ಹೋಗಿ ದಾಖಲೆ ಪುಸ್ತಕ ಕೇಳಿದೆವು. ಹುಡುಗನ ಹೆಸರು ಇತ್ತು, ಹುಟ್ಟಿದ ದಿನಾಂಕದ ಜಾಗ ಖಾಲಿ ಇತ್ತು. ಇವತ್ತಿನಿಂದ ಅವನನ್ನು ಕಳುಹಿಸುತ್ತಿಲ್ಲ. ಮೊದಲು ಮುನಿಸಿಕೊಂಡಿದ್ದ, ಎರಡನೆಯ ಉತ್ತರವನ್ನು ಓದಲು ಕೊಟ್ಟ ಮೇಲೆ, ಅಲಗಿನ ಮೇಲೆ ಕವಚ ಇರಲಿಲ್ಲ, ಮೊದಲ ದಿನದಿಂದಲೂ ಹೆದರಿಕೆಯಾಗುತ್ತಿತ್ತು ಎಂದು ತಾನಾಗಿಯೇ ಹೇಳಿದ. ದಿನಗಳ ವಿವರವನ್ನು ಈಗ ಅವನೇ ಕುಳಿತು ಬರೆಯುತ್ತಿದ್ದಾನೆ. ನಾಳೆ ಆ ಹಾಳೆಯನ್ನೂ ಕೈಗವಸನ್ನೂ ತೆಗೆದುಕೊಂಡು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುತ್ತೇವೆ.